ಬಂದರಿನಲ್ಲೇ ನಿಂತುಬಿಡುವ ತಪಾಸಣೆ: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಹಾಸನ ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ,

ಸಕಲೇಶಪುರ ತಾಲ್ಲೂಕಿನ ಹಂದಿ ಸಾಕುವ ಹೆಣ್ಣುಮಗಳೊಬ್ಬಳ ನಮಸ್ಕಾರಗಳು.

ಕಳೆದ ಜನವರಿ 2ರ ಬೆಳಿಗ್ಗೆ ನಮ್ಮ ಮನೆಗೆ ಬಂದ ಮುಸುರೆಯ ಡ್ರಮ್ಮಿನಲ್ಲಿ ಹೊರದೇಶದ ಹಂದಿ ಮಾಂಸದ ಒಂದು ಪ್ಯಾಕೆಟ್ ಸಿಕ್ಕಿತು. ಅಂದು ಅದನ್ನು ಹಿಡಿದುಕೊಂಡು ಹೊರಟ ನನ್ನ ಅಲೆದಾಟಕ್ಕೆ ಇಂದಿಗೂ ಕೊನೆಯಿಲ್ಲ. ಎರಡು ಮನವಿ ಕೊಟ್ಟೆ, ಒಂದಕ್ಕೂ ಉತ್ತರ ಬರಲಿಲ್ಲ. ಆದ್ದರಿಂದ ಎಲ್ಲರೂ ಓದುವ ಹಾಗೆ ತಮಗೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಸ್ಥಿತಿ ಹೇಳಬೇಕು. ನಮಗಿರುವುದು ಎರಡೂವರೆ ಎಕರೆ ಕಾಫಿ ತೋಟ. ಮೆಣಸಿನ ಬಳ್ಳಿಗಳು ಸೊರಗು ರೋಗಕ್ಕೆ ಹೋದ ವರ್ಷ ನಾನು ಹಂದಿ ಸಾಕಲು ಇಳಿದೆ. ಯಾರ್ಕ್‌ಷೈರ್ ತಳಿಯ ಎರಡು ಹೆಣ್ಣು, ಒಂದು ಗಂಡು ತಂದು ಶುರು ಮಾಡಿದೆ. ನಮ್ಮ ಕಡೆ ಕಡುಬಿನ ಜೊತೆ ಹಂದಿ ಸಾರು ಇಲ್ಲದೆ ಎಷ್ಟೋ ಮನೆಗಳ ಹಬ್ಬ ಆಗುವುದಿಲ್ಲ, ಆದ್ದರಿಂದ ಮಾರಾಟಕ್ಕೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಮೇವಿನದು. ಬೂಸಾ, ಜೋಳದ ನುಚ್ಚು ಕೊಂಡೇ ಹಾಕಿದರೆ ಕೈಗೆ ಏನೂ ಉಳಿಯುವುದಿಲ್ಲ. ಹೆದ್ದಾರಿ ಬದಿಯ ಹೋಟೆಲುಗಳಿಂದ, ರೆಸಾರ್ಟುಗಳಿಂದ ಮುಸುರೆ ತರಿಸುತ್ತೇವೆ. ತಂದದ್ದನ್ನು ಹಾಗೇ ಸುರಿಯುವವಳು ನಾನಲ್ಲ. ದೊಡ್ಡ ಹಂಡೆಯಲ್ಲಿ ಅರ್ಧ ಗಂಟೆಗೂ ಹೆಚ್ಚು ಕೊತಕೊತ ಕುದಿಸಿ, ಆರಿಸಿ ಹಾಕುತ್ತೇನೆ. ಮಳೆಗಾಲದಲ್ಲಿ ಹಸಿ ಸೌದೆಯ ಹೊಗೆಗೆ ನನ್ನ ಕಣ್ಣು ಹೋದರೂ ಕುದಿಸುವುದನ್ನು ಬಿಟ್ಟಿಲ್ಲ.

ಇಷ್ಟು ಭಯ ಏಕೆಂದು ತಾವು ಬಲ್ಲಿರಿ. ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ಏನೂ ಮಾಡುವುದಿಲ್ಲ, ಹಂದಿಗೆ ತಗುಲಿದರೆ ಔಷಧಿ ಇಲ್ಲ. ರೋಗದ ಹಂದಿಯ ಮಾಂಸ ಮುಸುರೆಯಲ್ಲಿ ಸೇರಿದ್ದರೆ ಅದರಿಂದಲೂ ಹರಡುತ್ತದೆ. 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶದಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟಿತು. 2022ರ ಜುಲೈನಲ್ಲಿ ವಯನಾಡಿಗೆ ಬಂತು. ವಯನಾಡು ಎಂದರೆ ನಮಗೆ ದೂರದ ಊರಲ್ಲ, ಕೊಡಗು ದಾಟಿದರೆ ಅದೇ. ಆ ಸುದ್ದಿ ಬಂದ ವಾರ ಮರಿ ಕೊಳ್ಳುತ್ತೇನೆಂದು ಮುಂಗಡ ಕೊಟ್ಟವರೂ ಫೋನ್ ತೆಗೆಯಲಿಲ್ಲ.

ಅದಾದ ಮರುವರ್ಷ ನಮ್ಮಲ್ಲೇ ಹಂದಿಗಳು ಮೇವು ಬಿಟ್ಟವು. ಕಿವಿ ಕೆಂಪಾಯಿತು, ಮೈ ಸುಡುತ್ತಿತ್ತು. ಒಂಬತ್ತು ದಿನಗಳಲ್ಲಿ 19 ಸತ್ತವು. ಪಶುವೈದ್ಯರು ಮಾದರಿ ತೆಗೆದುಕೊಂಡು ಹೋದರು, ವರದಿ ಬರುವ ತನಕ ಒಂದು ಮರಿಯನ್ನೂ ಮಾರಕೂಡದು ಎಂದರು. ವರದಿ ಬರಲು 26 ದಿನ ಹಿಡಿಯಿತು. ಆಫ್ರಿಕನ್ ಜ್ವರ ಅಲ್ಲ, ಲಸಿಕೆ ಇರುವ ಮಾಮೂಲಿ ಹಂದಿ ಜ್ವರ ಎಂದು ಬಂತು. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಪ್ರಯೋಗಾಲಯವೇ ಹೇಳಬೇಕು. ಆ 26 ದಿನ ಸಾಲ ಮಾಡಿ ಮೇವು ಹಾಕಿದೆ. ನಮ್ಮ ಯಜಮಾನರು ರಾತ್ರಿ ಗೂಡಿನ ಬಾಗಿಲಲ್ಲೇ ಮಲಗುತ್ತಿದ್ದರು. ಆದರೂ ಆ ನಿಯಮವನ್ನು ನಾನು ದೂರುವುದಿಲ್ಲ. ಆಫ್ರಿಕನ್ ಜ್ವರ ಎಂದು ಖಚಿತವಾಗಿದ್ದರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಹಂದಿಗಳನ್ನೆಲ್ಲ, ಆರೋಗ್ಯವಾಗಿದ್ದವನ್ನೂ ಸೇರಿಸಿ, ಕೊಲ್ಲಬೇಕಾಗುತ್ತಿತ್ತು. ಹತ್ತು ಕಿಲೋಮೀಟರ್ ತನಕ ಕಣ್ಗಾವಲು. ಅದಕ್ಕೂ ತಲೆಬಾಗುತ್ತಿದ್ದೆ.

ಈಗ ಆ ಪ್ಯಾಕೆಟ್ಟಿನ ವಿಷಯ. ಹೊಸ ವರ್ಷಕ್ಕೆ ನಮ್ಮ ಕಡೆಯ ರೆಸಾರ್ಟುಗಳು ತುಂಬಿ ತುಳುಕುತ್ತವೆ. ಅಂಥದೊಂದರಿಂದ ಮೂರು ಡ್ರಮ್ ಮುಸುರೆ ಬಂತು. ಹಂಡೆಗೆ ಸುರಿಯುವಾಗ ಅನ್ನ, ಸಿಪ್ಪೆಗಳ ನಡುವೆ ದಪ್ಪ ಪ್ಲಾಸ್ಟಿಕ್ ಪ್ಯಾಕೆಟ್ ಬಿತ್ತು. ಅರ್ಧ ಬಳಸಿ ಎಸೆದದ್ದು, ಒಳಗೆ ತೆಳುವಾಗಿ ಕೊಯ್ದ ಹಸಿ ಮಾಂಸ ಇನ್ನೂ ಇತ್ತು. ಮೇಲೆ ಇದ್ದ ಲಿಪಿ ಯಾವುದೆಂದು ನನಗೆ ತಿಳಿಯಲಿಲ್ಲ. ಮಗ ಮೊಬೈಲ್ ಹಿಡಿದು ಓದಿಸಿದ: ಹಂದಿ ಮಾಂಸ. ದಿನಾಂಕ ಮುಗಿದು ಎರಡು ತಿಂಗಳಾಗಿತ್ತು. ಆಮದು ಮಾಡಿದವರ ಹೆಸರಿಲ್ಲ, ವಿಳಾಸವಿಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆಯಿಲ್ಲ, ಮಾಂಸಾಹಾರದ ಗುರುತೂ ಇಲ್ಲ. ಹೊರದೇಶದ ಆಹಾರದ ಪೊಟ್ಟಣದ ಮೇಲೆ ಇವೆಲ್ಲ ಇರಲೇಬೇಕು ಎಂದು ನಿಯಮ ಹೇಳುತ್ತದೆ.

ಮೂರೂ ಡ್ರಮ್ ಮುಸುರೆಯನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ಅಂದು ಹಂದಿಗಳಿಗೆ ಗೆಣಸಿನ ಬಳ್ಳಿಯೇ ಗತಿಯಾಯಿತು. ಪ್ಯಾಕೆಟ್ಟನ್ನು ಎರಡು ಕವರಿನಲ್ಲಿ ಸುತ್ತಿ, ಮಂಜುಗಡ್ಡೆಯ ನಡುವೆ ಇಟ್ಟು ಪಶುವೈದ್ಯರ ಕಚೇರಿಗೆ ಒಯ್ದೆ. ಸತ್ತ ಹಂದಿ ಇದ್ದರೆ ತನ್ನಿ, ಇದು ಆಹಾರದ ವಿಷಯ ಎಂದರು. ಆಹಾರದ ಕಚೇರಿಗೆ ಹೋದೆ. ತೆರೆದ ಪ್ಯಾಕೆಟ್, ಕಸದಿಂದ ತಂದದ್ದು, ಮಾದರಿಯಾಗಿ ತೆಗೆದುಕೊಳ್ಳಲು ಬರುವುದಿಲ್ಲ ಎಂದರು. ಆಮದು ತಪಾಸಣೆಯ ಬೆಂಗಳೂರು ಕಚೇರಿಗೆ ಫೋನ್ ಮಾಡಿದರೆ ನಮ್ಮ ಕೆಲಸ ಸರಕು ಬಂದಿಳಿಯುವ ಜಾಗದಲ್ಲಿ ಮಾತ್ರ ಎಂಬ ಉತ್ತರ. ಮೂರು ದಿನ ಅದು ನನ್ನ ಕೈಯಲ್ಲೇ ಇತ್ತು. ಕೊನೆಗೆ ಅದನ್ನೂ ಹೂತೆ. ನನ್ನ ಹಂದಿ ಕೆಮ್ಮಿದರೂ ಬಾಗಿಲಿಗೆ ಬರುವ ಸರ್ಕಾರಕ್ಕೆ ಆ ಮಾಂಸ ಯಾರ ಪಾಲಿನದೆಂದು ಹೇಳಲು ಬಾಯಿ ಬರಲಿಲ್ಲ. ಸ್ವಾಮಿ, ಆ ಮೂರು ದಿನ ನನಗಾದ ಸಿಟ್ಟನ್ನು ಸಭ್ಯವಾಗಿ ಬರೆಯಲು ನನ್ನಿಂದ ಆಗುತ್ತಿಲ್ಲ.

ಕಾನೂನು ಇಲ್ಲವೆಂದು ನಾನು ಹೇಳುತ್ತಿಲ್ಲ. 1898ರ ಜಾನುವಾರು ಆಮದು ಕಾಯ್ದೆ ಇದೆ. ಮಾಂಸ ತರಿಸುವವರು ದೆಹಲಿಯಿಂದ ಮೊದಲೇ ಪರವಾನಗಿ ಪಡೆಯಬೇಕು, ಕಳುಹಿಸುವ ದೇಶದ ಸರ್ಕಾರಿ ಪಶುವೈದ್ಯರ ಆರೋಗ್ಯ ಪತ್ರ ಬೇಕು, ಬಂದಿಳಿದ ಮೇಲೆ ಕ್ವಾರಂಟೈನ್ ಕೇಂದ್ರದ ತಪಾಸಣೆ ಆಗಬೇಕು. ಎಷ್ಟು ಆಯುಷ್ಯ ಉಳಿದಿರುವ ಆಹಾರ ಒಳಗೆ ಬರಬಹುದು ಎಂಬುದಕ್ಕೂ 2017ರ ಆಮದು ನಿಯಮಗಳಲ್ಲಿ ಲೆಕ್ಕವಿದೆ. 2022ರ ಜನವರಿಯಲ್ಲಿ ಅಮೆರಿಕದ ಹಂದಿ ಮಾಂಸಕ್ಕೂ ನಮ್ಮ ದೇಶ ಬಾಗಿಲು ತೆರೆಯಿತು. ತರಿಸಲಿ, ತಿನ್ನುವವರು ತಿನ್ನಲಿ, ನನ್ನ ತಕರಾರಿಲ್ಲ. ಆದರೆ ಬಂದರಿನಲ್ಲಿ ನಡೆಯುವ ತಪಾಸಣೆ ಅಡುಗೆಮನೆಯವರೆಗೂ ಬರಬೇಕು. ಬಂದರಿನ ಬಾಗಿಲು ತಪ್ಪಿಸಿ ಬಂದದ್ದನ್ನು ಹಿಡಿಯಲು ಬೇರೆ ಜಾಗವಾದರೂ ಎಲ್ಲಿದೆ?

ಎಸೆದ ಮಾಂಸದಿಂದ ಏನಾಗುತ್ತದೆ ಎಂಬುದನ್ನು ಜಗತ್ತು ಆಗಲೇ ನೋಡಿದೆ. 2007ರಲ್ಲಿ ಆಫ್ರಿಕನ್ ಹಂದಿ ಜ್ವರ ಜಾರ್ಜಿಯಾ ದೇಶಕ್ಕೆ ಬಂದದ್ದು ಪೋತಿ ಬಂದರಿನಲ್ಲಿ ಹಡಗಿನಿಂದ ಎಸೆದ ಆಹಾರವನ್ನು ಹಂದಿಗಳು ತಿಂದದ್ದರಿಂದ ಇರಬೇಕು ಎನ್ನುತ್ತಾರೆ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹಬ್ಬಿದಾಗ ಅದರ ಬೇರು ಸಿಕ್ಕಿದ್ದು ಕುದಿಸದ ಮುಸುರೆ ಹಾಕಿದ ಒಂದು ಹಂದಿ ಸಾಕಣೆಯಲ್ಲಿ. ಅಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಕಾಲುಬಾಯಿ ಜ್ವರ ಹಂದಿಗೆ ಮಾತ್ರವಲ್ಲ, ಹಸುವಿಗೂ ಬರುತ್ತದೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ಬದುಕುವ ಮನೆಗಳು ಹಾಸನ ಜಿಲ್ಲೆಯಲ್ಲಿ ಎಷ್ಟಿವೆ ಎಂದು ತಮಗೆ ನಾನು ಹೇಳಬೇಕೇ? ಆಫ್ರಿಕನ್ ಜ್ವರದ ವೈರಾಣು ಹೆಪ್ಪುಗಟ್ಟಿದ ಮಾಂಸದಲ್ಲಿ, ಉಪ್ಪು ಹಾಕಿದ ಮಾಂಸದಲ್ಲಿ ತಿಂಗಳುಗಟ್ಟಲೆ ಸಾಯುವುದಿಲ್ಲ. ನಾನು ಕುದಿಸುತ್ತೇನೆ. ಎಲ್ಲರೂ ಕುದಿಸುತ್ತಾರೆಂದು ಯಾರು ಹೇಳಬಲ್ಲರು?

ತಾವು ಲೋಕಸಭೆಯಲ್ಲಿ ಕೇಳಬೇಕು. ಹೊರದೇಶದ ಮಾಂಸ ಬಳಸುವ ಪ್ರತಿ ಹೋಟೆಲ್, ಪ್ರತಿ ರೆಸಾರ್ಟ್ ಅದು ಯಾವ ಪರವಾನಗಿಯಲ್ಲಿ ಬಂತು, ಯಾರು ತರಿಸಿದರು ಎಂಬ ಕಾಗದ ಇಟ್ಟುಕೊಳ್ಳಬೇಕು. ಆಹಾರ ಸುರಕ್ಷತಾ ಅಧಿಕಾರಿಯೂ ಪಶುವೈದ್ಯರೂ ಜೊತೆಯಾಗಿ ಹೋಗಿ ಅದನ್ನು ನೋಡಬೇಕು. ಆ ಮಾಂಸದ ಚೂರು ಮುಸುರೆಗೆ ಬೀಳಬಾರದು. ನನ್ನಂಥವಳು ಒಂದು ಪ್ಯಾಕೆಟ್ ಹಿಡಿದು ಬಂದರೆ ಅದನ್ನು ಕೈಗೆ ತೆಗೆದುಕೊಳ್ಳುವ ಒಂದು ಕಚೇರಿ ತಾಲ್ಲೂಕಿನಲ್ಲಿ ಇರಬೇಕು. ನಾನು ಪರಿಹಾರ ಕೇಳುತ್ತಿಲ್ಲ, ಸಹಾಯಧನ ಕೇಳುತ್ತಿಲ್ಲ. ತಪಾಸಣೆ ಅಡುಗೆಮನೆಯವರೆಗೂ ಬರಲಿ ಎಂದಷ್ಟೇ ಕೇಳುತ್ತಿದ್ದೇನೆ.

ಆ ರೆಸಾರ್ಟಿನ ಮುಸುರೆ ತರಿಸುವುದನ್ನು ನಿಲ್ಲಿಸಿದ್ದೇನೆ. ಅದಕ್ಕೆ ಬದಲಾಗಿ ವಾರಕ್ಕೆ ನಾಲ್ಕು ಮೂಟೆ ಬೂಸಾ ಹೆಚ್ಚಿಗೆ ಕೊಳ್ಳುತ್ತಿದ್ದೇನೆ. ನಾನು ಬೇಡವೆಂದ ಡ್ರಮ್ಮುಗಳು ಈಗ ಬೇರೊಬ್ಬರ ಮನೆಗೆ ಹೋಗುತ್ತಿವೆ. ಅವರಲ್ಲಿ ಹಂಡೆ ಇದೆಯೋ ಇಲ್ಲವೋ ನನಗೆ ತಿಳಿಯದು. ಮುಂದಿನ ಅಧಿವೇಶನದಲ್ಲೇ ತಾವು ಪ್ರಶ್ನೆ ಕೇಳಬೇಕು.

ಇಂತಿ ತಮ್ಮ ವಿಶ್ವಾಸಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ಮತದಾರಳು