ನಂತೂರಿನ ಆ ಟೆಂಪೋ ಅಣ್ಣನಿಗೆ

ಡಿಸೆಂಬರ್ 23ರ ಸಂಜೆ ಮಂಗಳೂರಿನ ನಂತೂರು ವೃತ್ತದ ಬಳಿ ನನ್ನ ವ್ಯಾನ್ ಕೆಟ್ಟು ನಿಂತಿತ್ತು. ಒಳಗೆ ಸ್ಪೀಕರ್, ಸೌಂಡ್ ಮಿಕ್ಸರ್, ಲೈಟು. ಕುಲಶೇಖರದ ಮನೆಯಂಗಳದಲ್ಲಿ ಏಳಕ್ಕೆ ಕ್ರಿಸ್ಮಸ್ ಪಾರ್ಟಿ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕು. ತಡವಾದಷ್ಟೂ ಮಕ್ಕಳ ಕುಣಿತಕ್ಕೇ ಕತ್ತರಿ.

ನೀವು ಖಾಲಿ ಟೆಂಪೋ ನಿಲ್ಲಿಸಿದಿರಿ. ಸಾಮಾನು ತಲುಪಿಸಿದ್ದಷ್ಟೇ ಅಲ್ಲ. ಅಲ್ಲಿ ಸ್ಪೀಕರ್ ಗುಂಯ್ ಎನ್ನತೊಡಗಿದಾಗ, "ಲ್ಯಾಪ್‌ಟಾಪಿಗೆ, ಮಿಕ್ಸರಿಗೆ ಬೇರೆ ಬೇರೆ ಪ್ಲಗ್ ಬೇಡ, ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ, ಅರ್ಥಿಂಗ್ ತೊಂದರೆ ಅದು" ಎಂದಿರಿ. ಗುಂಯ್ ನಿಂತೇಹೋಯಿತು! ಮೊದಲು ಜಾತ್ರೆಗಳಲ್ಲಿ ಮೈಕ್ ಕಟ್ಟುತ್ತಿದ್ದಿರಂತೆ. 7:20ಕ್ಕೆ ಮೊದಲ ಹಾಡು.

ಬಾಡಿಗೆ ಮುಟ್ಟಲಿಲ್ಲ. ಮನೆಯವರು ಕೊಟ್ಟ ಕ್ರಿಸ್ಮಸ್ ತಿಂಡಿ ಕುಸ್ವಾರ್‌ನ ಪೊಟ್ಟಣವನ್ನಷ್ಟೇ ಮಕ್ಕಳಿಗೆಂದು ತೆಗೆದುಕೊಂಡಿರಿ. ಹೆಸರು ಕೇಳಲು ಓಡಿಬಂದೆ, ಹೊರಟುಹೋಗಿದ್ದಿರಿ. ತುಂಬ ಉಪಕಾರ ಆಯಿತು ಅಣ್ಣ.