ಸಹಿ ಮಾಡು ಎಂದೆ, ಕಾರಣ ಹೇಳಲಿಲ್ಲ

ಪ್ರೀತಿಯ ಅತ್ತಿಗೆಗೆ ನಮಸ್ಕಾರಗಳು.

ನಿನ್ನೆ ಅಣ್ಣ ಫೋನ್ ಮಾಡಿದಾಗ ನಾನು ರಾತ್ರಿ ಪಾಳಿಯಲ್ಲಿದ್ದೆ. ಮಾತನಾಡಲು ಸಿಕ್ಕಿದ್ದು ಎರಡೇ ನಿಮಿಷ. ಮಗುವಿಗೆ ಲಾಂಗ್ ಲೈನ್ (ಕೈಕಾಲಿನ ರಕ್ತನಾಳದಿಂದ ಹೃದಯದ ಬಳಿಯವರೆಗೆ ಹೋಗುವ ಉದ್ದನೆಯ ನಳಿಕೆ) ಹಾಕಬೇಕಂತೆ, ಒಪ್ಪಿಗೆ ಪತ್ರ ಮುಂದಿಟ್ಟಿದ್ದಾರೆ, ಏನು ಮಾಡಲಿ ಎಂದು ಕೇಳಿದ. ಸಹಿ ಮಾಡು ಎಂದೆ. ಕಾರಣ ಹೇಳುವಷ್ಟರಲ್ಲಿ ವಾರ್ಡಿನಿಂದ ಕರೆ ಬಂತು, ಓಡಿದೆ. ಹಿಂದಿನಿಂದ ನಿಮ್ಮ ದನಿ ಕೇಳಿಸಿತ್ತು: “ಇನ್ನೆಷ್ಟು ಸಲ ಚುಚ್ಚುತ್ತಾರಂತೆ ಕೇಳಿ.” ಬೆಳಗಿನವರೆಗೂ ಆ ಮಾತು ನನ್ನನ್ನು ಬಿಡಲಿಲ್ಲ. ಮನೆಗೆ ಬಂದವಳೇ ಬರೆಯಲು ಕುಳಿತಿದ್ದೇನೆ.

ಐದು ದಿನದಲ್ಲಿ ನಾಲ್ಕು ಕಡೆ ಡ್ರಿಪ್ ಬದಲಾಯಿಸಿದರೆ ಯಾವ ತಾಯಿಗಾದರೂ ಕರುಳು ಹಿಂಡುತ್ತದೆ. ಚುಚ್ಚುವವರಿಗೆ ಕೈ ಪಳಗಿಲ್ಲವೇನೋ ಎಂಬ ಸಂಶಯವೂ ಬರುತ್ತದೆ. ಆದರೆ ಹತ್ತು ವಾರ ಮೊದಲೇ ಹುಟ್ಟಿದ, 1,200 ಗ್ರಾಂ ತೂಕದ ಮಗುವಿನ ಕೈಯನ್ನು ನೀವೇ ನೋಡಿದ್ದೀರಿ. ಅದರ ರಕ್ತನಾಳ ದಾರದ ಎಳೆಯಷ್ಟು ತೆಳು. ಡ್ರಿಪ್‌ಗಾಗಿ ನಾಳದೊಳಗೆ ಇಡುವ ನಳಿಕೆಗೆ ಕ್ಯಾನುಲಾ ಎನ್ನುತ್ತೇವೆ. ನಾವು ಬಳಸುವ ಅತಿ ಸಣ್ಣ ಕ್ಯಾನುಲಾ ಸುಮಾರು 0.6 ಮಿಲಿಮೀಟರ್ ದಪ್ಪ. ಅದೇ ಆ ನಾಳವನ್ನು ತುಂಬಿಬಿಡುತ್ತದೆ. ಮಗು ಕೈಕಾಲು ಆಡಿಸಿದಾಗ ತುದಿ ಒಳಗೋಡೆಗೆ ಉಜ್ಜುತ್ತದೆ, ಹರಿಯುವ ದ್ರವ ಗೋಡೆಯನ್ನು ಕೆರಳಿಸುತ್ತದೆ, ಒಂದೆರಡು ದಿನದಲ್ಲಿ ನಾಳ ಮುಚ್ಚಿಕೊಳ್ಳುತ್ತದೆ ಅಥವಾ ಸೋರತೊಡಗುತ್ತದೆ. ಎಷ್ಟೇ ಪಳಗಿದ ಕೈ ಹಾಕಿದ್ದರೂ ಹೀಗಾಗುತ್ತದೆ. ಮತ್ತೆ, ಒಳಗೆ ಉಳಿಯುವುದು ಸೂಜಿಯಲ್ಲ ಅತ್ತಿಗೆ. ದಾರಿ ಮಾಡಿಕೊಟ್ಟ ಕೂಡಲೇ ಸೂಜಿಯನ್ನು ಹೊರಗೆ ಎಳೆದುಬಿಡುತ್ತೇವೆ. ಉಳಿಯುವುದು ಮೆತ್ತಗಿನ ಪ್ಲಾಸ್ಟಿಕ್ ನಳಿಕೆ ಮಾತ್ರ.

ತಲೆಯ ಮೇಲೆ ಹಾಕಿದ್ದು ಕಂಡು ನೀವು ಊಟವನ್ನೇ ಬಿಟ್ಟಿರಿ ಎಂದು ಅಣ್ಣ ಹೇಳಿದ. ಆ ನಾಳ ಇರುವುದು ಚರ್ಮದ ಕೆಳಗೆ, ತಲೆಬುರುಡೆಯ ಹೊರಗೆ. ಮೆದುಳನ್ನು ಆ ನಳಿಕೆ ಮುಟ್ಟುವುದಿಲ್ಲ. ಕೈಕಾಲಿನಲ್ಲಿ ಜಾಗ ಮುಗಿದಾಗ ಅಲ್ಲಿಗೆ ಹೋಗುತ್ತೇವೆ, ಏಕೆಂದರೆ ಶಿಶುಗಳ ತಲೆಯಲ್ಲಿ ನಾಳ ಚೆನ್ನಾಗಿ ಕಾಣುತ್ತದೆ. ಬೋಳಿಸಿದ ಕೂದಲು ಮತ್ತೆ ಬರುತ್ತದೆ.

ಮೊದಲ ವಾರ ಈ ಗೋಳು ಇರಲಿಲ್ಲ. ಆಗ ಲೈನ್ ಹೊಕ್ಕುಳಲ್ಲಿತ್ತು. ಹೊಕ್ಕುಳಬಳ್ಳಿಯನ್ನು ಕತ್ತರಿಸಿದರೆ ಮೂರು ಬಾಯಿ ಕಾಣುತ್ತವೆ: ಎರಡು ಸಣ್ಣ ಅಪಧಮನಿ, ಒಂದು ಅಗಲವಾದ ಅಭಿಧಮನಿ. ಹುಟ್ಟಿದ ಕೆಲವು ದಿನ ಆ ಅಭಿಧಮನಿ ತೆರೆದೇ ಇರುತ್ತದೆ. ನೀವು ಮಗುವಿಗೆ ಉಣಿಸುತ್ತಿದ್ದ ಅದೇ ದಾರಿಯಲ್ಲಿ, ಯಕೃತ್ತಿನ ಮೂಲಕ ಹೃದಯದ ಹತ್ತಿರದವರೆಗೂ ನಳಿಕೆ ಹೋಗುತ್ತದೆ. ಬಳ್ಳಿಗೆ ನೋವಿನ ಅರಿವಿಲ್ಲ. ಇದೇನೋ ಹೊಸ ಪ್ರಯೋಗ ಎಂದು ಅಣ್ಣ ಹೆದರಿದ್ದ. ಅಲ್ಲ, 1940ರ ದಶಕದಲ್ಲೇ ಬೋಸ್ಟನ್‌ನ ವೈದ್ಯ ಲೂಯಿಸ್ ಡೈಮಂಡ್ ಕಾಮಾಲೆ ತೀವ್ರವಾದ ಶಿಶುಗಳ ರಕ್ತ ಬದಲಿಸಲು ಈ ದಾರಿಯನ್ನು ಬಳಸಿದ್ದರು. ಆದರೆ ದಿನ ಕಳೆದಷ್ಟೂ ಅಲ್ಲಿ ಸೋಂಕು ತಗಲುವ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಅದಕ್ಕೇ ತೆಗೆದರು. ತೆಗೆದದ್ದು ಸರಿಯಾದ ಕೆಲಸ.

ಈಗ ಲಾಂಗ್ ಲೈನ್ ವಿಷಯ. ಮಗುವಿನ ಹೊಟ್ಟೆ ಇನ್ನೂ ಪೂರ್ತಿ ಹಾಲು ಜೀರ್ಣಿಸಿಕೊಳ್ಳಲಾರದು. ಕೊನೆಯ ತಿಂಗಳುಗಳಲ್ಲಿ ಗರ್ಭದೊಳಗೆ ಸೇರಬೇಕಿದ್ದ ಕೊಬ್ಬು, ಕ್ಯಾಲ್ಸಿಯಂ ಅದಕ್ಕೆ ಸಿಕ್ಕಿಲ್ಲ. ಅದನ್ನೆಲ್ಲ ರಕ್ತಕ್ಕೇ ಕೊಡಬೇಕು. ಮೊದಲ ದಿನ ಪಂಪು ಗಂಟೆಗೆ 4 ಮಿಲಿಲೀಟರ್ ಹರಿಸುತ್ತಿತ್ತಲ್ಲ, ಒಂದು ಟೀ ಚಮಚಕ್ಕಿಂತ ಕಡಿಮೆ! ಇಷ್ಟೇ ಇಷ್ಟರಲ್ಲಿ ಸಕ್ಕರೆ, ಪ್ರೋಟೀನ್, ಲವಣ ಎಲ್ಲವನ್ನೂ ಹಿಡಿಸಬೇಕೆಂದರೆ ದ್ರವ ಗಾಢವಾಗಲೇಬೇಕು. ಗಾಢ ದ್ರವ ಸಣ್ಣ ನಾಳವನ್ನು ಸುಡುತ್ತದೆ. ಹೃದಯದ ಬಳಿಯ ದೊಡ್ಡ ನಾಳದಲ್ಲಾದರೆ ರಭಸವಾಗಿ ಹರಿಯುವ ರಕ್ತ ಅದನ್ನು ಕ್ಷಣದಲ್ಲಿ ತೆಳುವಾಗಿಸುತ್ತದೆ. ಹಾಗಾಗಿ ತೋಳಿನಿಂದಲೋ ಕಾಲಿನಿಂದಲೋ ಕೂದಲೆಳೆಯಂಥ ನಳಿಕೆಯನ್ನು ಸ್ವಲ್ಪ ಸ್ವಲ್ಪವೇ ತಳ್ಳುತ್ತಾ ಅಲ್ಲಿಯವರೆಗೆ ಒಯ್ಯುತ್ತಾರೆ. ಟೇಪಿನಿಂದ ಮೊದಲೇ ಉದ್ದ ಅಳೆದುಕೊಂಡು, ಆಮೇಲೆ ಎಕ್ಸ್‌ರೇ ತೆಗೆದು ತುದಿ ಎಲ್ಲಿದೆ ಎಂದು ನೋಡುತ್ತಾರೆ. ಚೆನ್ನಾಗಿ ಕುಳಿತರೆ ವಾರಗಟ್ಟಲೆ ಇರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇದೇ: ಇನ್ನು ಚುಚ್ಚುವುದು ಕಡಿಮೆಯಾಗಲಿ ಎಂದೇ ಇದನ್ನು ಹಾಕುವುದು.

ಅಪಾಯವೇ ಇಲ್ಲ ಎಂದು ನಿಮಗೆ ಸುಳ್ಳು ಹೇಳಲಾರೆ. ಸೋಂಕು ರಕ್ತಕ್ಕೇ ಇಳಿಯಬಹುದು. ಅಪರೂಪಕ್ಕೆ ತುದಿ ಹೃದಯದೊಳಗೆ ಸರಿದು ಹೃದಯದ ಸುತ್ತ ದ್ರವ ತುಂಬಿಕೊಳ್ಳಬಹುದು. ಆದ್ದರಿಂದ ವೈದ್ಯರನ್ನು ಎರಡು ಮಾತು ಕೇಳಿ. ಎಕ್ಸ್‌ರೇಯಲ್ಲಿ ತುದಿ ಎಲ್ಲಿದೆ? ಇವತ್ತೂ ಈ ಲೈನ್ ಬೇಕೇ? ಎರಡನೆಯದನ್ನು ದಿನವೂ ಕೇಳಿ. ಒಳ್ಳೆಯ ವೈದ್ಯರಿಗೆ ಅದರಿಂದ ಬೇಸರವಾಗುವುದಿಲ್ಲ.

ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿ ಇದೆ. ಈ ವಿಭಾಗಕ್ಕೆ ನಾನು ಹೊಸಬಳಾಗಿದ್ದಾಗ ಒಂದು ರಾತ್ರಿ ಮೂರು ಶಿಶುಗಳು ನನ್ನ ಪಾಲಿಗಿದ್ದವು. ಒಂದಕ್ಕೆ ಉಸಿರು ನಿಂತು ನಿಂತು ಬರುತ್ತಿತ್ತು. ಅದರ ಬಳಿ ನಿಂತವಳು ಪಕ್ಕದ ಮಗುವಿನ ಡ್ರಿಪ್ ನೋಡಬೇಕಾದ ಹೊತ್ತನ್ನು ಮೀರಿಸಿಬಿಟ್ಟೆ. ಗಂಟೆಗೊಮ್ಮೆ ನೋಡುವುದು ನಿಯಮ. ಹೊದಿಕೆ ಸರಿಸಿದಾಗ ಪಾದ ಊದಿಕೊಂಡಿತ್ತು, ಚರ್ಮ ಬಿಗಿದು ಬಿಳುಚಿತ್ತು. ಕ್ಯಾಲ್ಸಿಯಂ ಬೆರೆತ ದ್ರವ ನಾಳ ಬಿಟ್ಟು ಮಾಂಸಕ್ಕೆ ಇಳಿದಿತ್ತು. ಪಂಪು ಒಮ್ಮೆಯೂ ಕೂಗಿರಲಿಲ್ಲ. ದ್ರವ ಹೊರಗೆ ಸೋರುತ್ತಿದೆ ಎಂಬುದು ಎಷ್ಟೋ ಸಲ ಯಂತ್ರಕ್ಕೆ ತಿಳಿಯುವುದೇ ಇಲ್ಲ. ಅಂದು ಅದು ನನಗೆ ಗೊತ್ತಿರಲಿಲ್ಲ. ಕೂಡಲೇ ನಿಲ್ಲಿಸಿದೆ, ವೈದ್ಯರು ಬಂದು ಚಿಕಿತ್ಸೆ ಮಾಡಿದರು. ಗಾಯ ಮಾಯಲು ಮೂರು ವಾರ ಹಿಡಿಯಿತು, ಕಲೆ ಉಳಿಯಿತು. ಬೆಳಿಗ್ಗೆ ಆ ತಾಯಿಗೆ ನಾನೇ ಹೇಳಿದೆ. ಅವರು ಬೈಯಲಿಲ್ಲ, ಮಗುವಿನ ಪಾದವನ್ನೇ ನೋಡುತ್ತಾ ಕುಳಿತಿದ್ದರು. ಇವತ್ತಿಗೂ ಪಾಳಿ ಶುರುವಾದ ಕೂಡಲೇ ನನ್ನ ಕಣ್ಣು ಮೊದಲು ಹೋಗುವುದು ಡ್ರಿಪ್ ಇರುವ ಕೈಕಾಲಿಗೆ, ಆಮೇಲೆ ಯಂತ್ರಗಳಿಗೆ.

ಅದಕ್ಕೇ ನಿಮ್ಮನ್ನು ಕೇಳಿಕೊಳ್ಳುತ್ತೇನೆ: ಮಗುವಿನ ಬಳಿ ಕುಳಿತಾಗ ಲೈನ್ ಕಂಡು ಮುಖ ತಿರುಗಿಸಬೇಡಿ, ನೋಡಿ. ಆ ಜಾಗ ಬಟ್ಟೆಯಡಿ ಮುಚ್ಚಿಹೋಗಿದೆಯೇ, ಆ ಕೈ ಇನ್ನೊಂದು ಕೈಗಿಂತ ದಪ್ಪಗಿದೆಯೇ, ಕೆಂಪಾಗಿದೆಯೇ, ಬಿಳುಚಿದೆಯೇ, ಮುಟ್ಟಿದರೆ ಮಗು ಮುಖ ಕಿವುಚುತ್ತದೆಯೇ? ಸಂಶಯ ಬಂದರೆ ಆಗಲೇ ಕರೆಯಿರಿ, ತೊಂದರೆ ಕೊಡುತ್ತಿದ್ದೇನೆ ಎಂದು ಹಿಂಜರಿಯಬೇಡಿ. ಅಲ್ಲಿನ ದಾದಿಗೆ ಹಲವು ಮಕ್ಕಳು, ನಿಮಗೆ ಒಂದೇ. ಒಳಗೆ ಹೋಗುವಾಗ ಬಳೆ, ಉಂಗುರ ತೆಗೆದಿಟ್ಟು ಮೊಣಕೈವರೆಗೂ ಕೈ ತೊಳೆಯಿರಿ. ಅಣ್ಣ ಅವಸರದ ಮನುಷ್ಯ, ಅವನ ಕೈಯನ್ನೂ ನೀವೇ ನಿಂತು ತೊಳೆಸಿ.

ಮತ್ತೆ ಚುಚ್ಚುವ ಸಂದರ್ಭ ಬಂದರೆ ಹೊರಗೆ ಹೋಗಿ ಅಳಬೇಡಿ. ಪಕ್ಕದಲ್ಲಿರಬಹುದೇ ಎಂದು ಕೇಳಿ. ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಮಡಿಸಿದ ಕಾಲುಗಳ ಮೇಲೆ ಇಟ್ಟು ಸುಮ್ಮನೆ ಹಿಡಿದಿರಿ. ವೈದ್ಯರು ಒಪ್ಪಿದರೆ ನಿಮ್ಮ ಹಾಲಿನ ಎರಡು ಹನಿ ಬಾಯಿಗೆ ಬಿಡಿ. ಮಗುವಿನ ನೋವು ಇದರಿಂದ ನಿಜವಾಗಿಯೂ ತಗ್ಗುತ್ತದೆ. ನಮ್ಮ ವಾರ್ಡಿನಲ್ಲಿ ದಿನವೂ ಕಾಣುತ್ತೇನೆ.

ಹಾಲು ಹಿಂಡಿ ಕೊಡುವುದನ್ನು ನಿಲ್ಲಿಸಬೇಡಿ. ಈಗ ಎರಡು ಗಂಟೆಗೊಮ್ಮೆ 3 ಮಿಲಿಲೀಟರ್ ಕೊಡುತ್ತಿದ್ದಾರೆ ಎಂದಿರಿ. ಅದು ಮೆಲ್ಲಗೆ ಏರಿ 12ರ ಸುಮಾರಿಗೆ ಬಂದು ಮಗು ವಾಂತಿಯಿಲ್ಲದೆ ತಡೆದುಕೊಂಡರೆ, ಲೈನ್ ತೆಗೆಯುವ ಮಾತು ಅವರೇ ಎತ್ತುತ್ತಾರೆ. ಇವತ್ತು ಎಷ್ಟು ಕೊಟ್ಟರು ಎಂದು ದಿನವೂ ನನಗೆ ಸಂದೇಶ ಕಳುಹಿಸಿ, ಅಂಕಿಯೊಂದನ್ನೇ ಬರೆದರೂ ಸಾಕು. ತೆಗೆದ ದಿನ ಮಾತ್ರ ಫೋನ್ ಮಾಡಿ. ಇಲ್ಲಿ ಎಷ್ಟು ಹೊತ್ತಾಗಿದ್ದರೂ ಎತ್ತುತ್ತೇನೆ.

ನಿಮ್ಮ ನಾದಿನಿ