ಏಳು ಅಶ್ವಶಕ್ತಿ ತಗ್ಗಿದ್ದು ಹಿನ್ನಡೆಯಲ್ಲ

ಮಾನ್ಯ ಸಂಪಾದಕರೇ,

ಸುಜುಕಿ ಹಯಾಬುಸಾ ಬೈಕಿನ ಮಾತು ಬಂದಾಗಲೆಲ್ಲ ವಾಹನ ಪುಟಗಳಲ್ಲಿ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡುವ ರೂಢಿಯಿದೆ. 2008ರ ಮಾದರಿಗೆ 197 ಅಶ್ವಶಕ್ತಿ, 2021ರ ಮಾದರಿಗೆ 190. ಕೆಳಗೊಂದು ಷರಾ: ಶಕ್ತಿ ಕುಗ್ಗಿದೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎಂಜಿನ್ ಬಿಚ್ಚಿ ಜೋಡಿಸುವುದೇ ನನ್ನ ಕಸುಬು. ಈ ಯಂತ್ರದ ಮೂರೂ ತಲೆಮಾರುಗಳು ನನ್ನ ಕೈಯಲ್ಲಿ ಹಾದುಹೋಗಿವೆ.

1999ರಲ್ಲಿ ಅದು ಬಂದಾಗ ವೇಗವೇ ಅದರ ಗುರಿಯಾಗಿತ್ತು, ಒಪ್ಪುತ್ತೇನೆ. ಹಯಾಬುಸಾ ಎಂದರೆ ಜಪಾನಿ ಭಾಷೆಯಲ್ಲಿ ಡೇಗೆ ಜಾತಿಯ ಬೇಟೆಹಕ್ಕಿ. ಆಗ ಅತಿ ವೇಗದ ಬೈಕ್ ಎನಿಸಿಕೊಂಡಿದ್ದ ಹೋಂಡಾದ ಬ್ಲ್ಯಾಕ್‌ಬರ್ಡ್ (ಕರಿಹಕ್ಕಿ) ಹೆಸರಿಗೆ ಈ ಬೇಟೆಗಾರನ ಹೆಸರೇ ಉತ್ತರವಾಯಿತು. ಆ ಉಬ್ಬಿದ ಮೂತಿ, ಡುಬ್ಬದಂಥ ಹಿಂಭಾಗವನ್ನು ಕಂಡು ಮೂಗು ಮುರಿದವರು ಬಹಳ. ಆದರೆ ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಎಂಟು ಪಟ್ಟು ಶಕ್ತಿ ಬೇಕು. 150 ಕಿ.ಮೀ.ನಿಂದ 300ಕ್ಕೆ ಏರುವ ಬೈಕಿಗೆ ಗಾಳಿಯೇ ಮೊದಲ ಎದುರಾಳಿ. ಆ ರೂಪವನ್ನು ತಿದ್ದಿದ್ದು, ಜೋರು ಗಾಳಿ ಹಾಯಿಸಿ ಆಕಾರವನ್ನು ಪರೀಕ್ಷಿಸುವ ಗಾಳಿಸುರಂಗ.

ಗಂಟೆಗೆ 300 ಕಿ.ಮೀ. ದಾಟಿದ ಮೇಲೆ ಈ ಪೈಪೋಟಿ ಎಲ್ಲಿಗೆ ಮುಟ್ಟೀತೆಂಬ ಆತಂಕ ತಯಾರಕರಿಗೇ ಹುಟ್ಟಿತು. ತಮ್ಮ ತಮ್ಮೊಳಗೆ 299ರ ಮಿತಿ ಹಾಕಿಕೊಂಡರು. 2001ರ ಹಯಾಬುಸಾ ಆ ಮಿತಿಯೊಂದಿಗೇ ಬಂತು. ಹಿಂದಿನ ಸೀಟನ್ನು ಹೊರುವ ಅಲ್ಯೂಮಿನಿಯಂ ಚೌಕಟ್ಟು ಉಕ್ಕಿನದಾದದ್ದೂ ಅದೇ ವರ್ಷ. ತೂಕ ಕೆಲವು ಕಿಲೋ ಏರಿತು, ಹಿಂಬದಿ ಸವಾರನ ಭಾರ ಹೊರುವ ಬಲ ಬಂತು. ಈ ಬದಲಾವಣೆಯನ್ನು ಯಾರೂ ಸುದ್ದಿ ಮಾಡಲಿಲ್ಲ.

ಅಂದಿನಿಂದ ಗರಿಷ್ಠ ವೇಗ ಏರಿಲ್ಲ. ಬದಲಾದದ್ದು ಉಳಿದದ್ದೆಲ್ಲ. 2008ರಲ್ಲಿ ಸಿಲಿಂಡರಿನ ವ್ಯಾಸ 81 ಮಿ.ಮೀ. ಹಾಗೆಯೇ ಉಳಿದು, ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) ಮಾತ್ರ 63ರಿಂದ 65 ಮಿ.ಮೀ.ಗೆ ಏರಿತು. ಬರೀ ಎರಡು ಮಿಲಿಮೀಟರ್! ಅಷ್ಟರಲ್ಲೇ 1299 ಸಿಸಿ ಎಂಜಿನ್ 1340 ಸಿಸಿಯಾಯಿತು. ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ಎರಡೂ ಕ್ರ್ಯಾಂಕ್‌ಶಾಫ್ಟ್‌ಗಳನ್ನು ಮೊದಲ ಸಲ ಒಂದೇ ಮೇಜಿನ ಮೇಲೆ ಇಟ್ಟು ಕ್ಯಾಲಿಪರ್ ಹಿಡಿದು ಅಳೆದ ದಿನ, ಹಳೆಯ ಎಂಜಿನ್ನಿನ ಬುನಾದಿಯನ್ನು ಎಷ್ಟು ಮರ್ಯಾದೆಯಿಂದ ಉಳಿಸಿಕೊಂಡಿದ್ದಾರೆಂದು ಬೆರಗಾಗಿದ್ದೆ. 2013ರಲ್ಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಮತ್ತು ಬ್ರೆಂಬೊ ಕಂಪನಿಯ ಬ್ರೇಕ್ ಬಂದವು. ಇಷ್ಟು ಭಾರದ, ಇಷ್ಟು ವೇಗದ ಬೈಕಿಗೆ ಅದು ತಡವಾಗಿಯೇ ಬಂತೆಂಬುದು ನನ್ನ ಅಭಿಪ್ರಾಯ.

ಈಗ 2021ರ ಮಾದರಿಗೆ ಬರುತ್ತೇನೆ. ಯುರೋಪಿನ ಹೊಗೆ ನಿಯಮಗಳು ಬಿಗಿಯಾದಾಗ ಇನ್ನೂ ದೊಡ್ಡ ಎಂಜಿನ್ ಬರಬಹುದು, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಬರಬಹುದು ಎಂದು ಹಲವರು ಊಹಿಸಿದ್ದರು. ಬಂದದ್ದು ಅದೇ 1340 ಸಿಸಿ. ಇಂಧನ-ಗಾಳಿ ಒಳಬಿಡುವ ಇಂಟೇಕ್ ವಾಲ್ವ್ ಮತ್ತು ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಅವಧಿಯನ್ನು ತಗ್ಗಿಸಿದ್ದರು. ಇದರಿಂದ ಸುಡದ ಇಂಧನ ಹೊರಗೆ ಸೋರುವುದು ಕಡಿಮೆಯಾಗುತ್ತದೆ, ತುತ್ತತುದಿಯ ಶಕ್ತಿ ತುಸು ಇಳಿಯುತ್ತದೆ, ಎಂಜಿನ್ ನಿಧಾನ ಮತ್ತು ನಡುವೇಗದಲ್ಲಿ ಸುತ್ತುವಾಗ ಎಳೆತ ತುಂಬಿಕೊಳ್ಳುತ್ತದೆ. ಗರಿಷ್ಠ ಟಾರ್ಕ್ (ಎಂಜಿನ್ನಿನ ತಿರುಚುಬಲ) 155ರಿಂದ 150 ನ್ಯೂಟನ್ ಮೀಟರಿಗೆ ಇಳಿದರೂ ಸವಾರ ನಿತ್ಯ ಬಳಸುವ ಜಾಗದಲ್ಲಿ ಎಂಜಿನ್ ಮೊದಲಿಗಿಂತ ಗಟ್ಟಿಯಾಗಿದೆ. ಗರಿಷ್ಠ ವೇಗ ಹೇಗೂ 299ಕ್ಕೆ ನಿಲ್ಲುವಾಗ ತುದಿಯ ಆ ಏಳು ಅಶ್ವಶಕ್ತಿ ಯಾವ ರಸ್ತೆಯಲ್ಲಿ ಯಾರಿಗೆ ಬೇಕಿತ್ತು?

ಮೊದಲ ತಲೆಮಾರಿನ ಬೈಕನ್ನು ಒದ್ದೆ ರಸ್ತೆಯಲ್ಲಿ ಓಡಿಸುವಾಗ ಹಿಂಚಕ್ರಕ್ಕೂ ನೆಲಕ್ಕೂ ನಡುವೆ ನನ್ನ ಬಲಗೈ ಮಣಿಕಟ್ಟೊಂದೇ ಕಾವಲು. ಥ್ರಾಟಲನ್ನು ಕೂದಲೆಳೆಯಷ್ಟು ತಿರುಗಿಸಲೂ ಎದೆ ಗಟ್ಟಿ ಮಾಡಿಕೊಳ್ಳಬೇಕಿತ್ತು. ಈಗಿನದರಲ್ಲಿ ಬೈಕ್ ಎಷ್ಟು ವಾಲಿದೆ, ಚಕ್ರ ಜಾರುತ್ತಿದೆಯೇ ಎಂಬುದನ್ನು ಸಂವೇದಕಗಳು ಕ್ಷಣಕ್ಷಣವೂ ಅಳೆದು ಎಂಜಿನ್ನನ್ನು ಹಿಡಿತದಲ್ಲಿಡುತ್ತವೆ. ಇಷ್ಟೆಲ್ಲ ಎಲೆಕ್ಟ್ರಾನಿಕ್ಸ್ ಸೇರಿಯೂ ಮುಳ್ಳು ತಿರುಗುವ ಹಳೆಯ ದುಂಡು ಮೀಟರುಗಳನ್ನು ತೆಗೆದುಹಾಕಿಲ್ಲ. ಅದಕ್ಕಾಗಿ ಆ ವಿನ್ಯಾಸಕಾರರಿಗೆ ನಾನು ಋಣಿ.

ಮುಂದೆ ತಮ್ಮ ಪತ್ರಿಕೆ ಈ ಬೈಕಿನ ಬಗ್ಗೆ ಬರೆಯುವಾಗ 197 ಮತ್ತು 190ರ ಜೊತೆಗೆ ಎರಡೂ ಎಂಜಿನ್‌ಗಳ ಟಾರ್ಕ್ ನಕ್ಷೆಯನ್ನು ಒಂದರ ಮೇಲೊಂದು ಇಟ್ಟು ಮುದ್ರಿಸಬೇಕೆಂದು ಕೋರುತ್ತೇನೆ. 

ಇತಿ,
ಒಬ್ಬ ಮೆಕ್ಯಾನಿಕ್, ತಮ್ಮ ಓದುಗ